ನಾಲ್ಕು ತಾಲ್ಲೂಕಿನ ಬಳಗ

ಮಿಡಿಗೇಶಿಯ ಧನಲಕ್ಷ್ಮಿ ಚಟ್ನಿಪುಡಿ ಮಾಡಿ ಮಾರಲು ಶುರು ಮಾಡಿದ ಮೇಲೆ ಮೂರು ತಿಂಗಳು ಅವಳ ಪುಡಿ ಊರ ಗಡಿ ದಾಟಲಿಲ್ಲ. ಕಡ್ಲೇಬೀಜದ್ದೊಂದು, ಹುಚ್ಚೆಳ್ಳಿನದ್ದೊಂದು, ಎರಡೇ ಬಗೆ. ರುಚಿಯಲ್ಲಿ ಹೆಸರಿಡುವ ಹಾಗಿರಲಿಲ್ಲ. ಆದರೆ ಮಿಡಿಗೇಶಿಯಲ್ಲಿ ಚಟ್ನಿಪುಡಿ ಕುಟ್ಟದ ಮನೆ ಯಾವುದಿದೆ? ಪ್ಯಾಕೆಟ್ ಹಿಡಿದು ಬಾಗಿಲಿಗೆ ಹೋದರೆ, "ನಮ್ಮನೇಲೂ ಡಬ್ಬಿ ತುಂಬಾ ಐತೆ ಕಣಮ್ಮ, ಬಾ, ಒಂದ್ಲೋಟ ಕಾಪಿ ಕುಡ್ಕೊಂಡು ಹೋಗು" ಅನ್ನೋರು. ಅವಳು ಕಾಫಿ ಕುಡಿದು, ಪ್ಯಾಕೆಟ್ ವಾಪಸ್ ತರೋಳು.

ಗಂಡ ಜಯಣ್ಣ ಮಧುಗಿರಿಯ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುತ್ತಿದ್ದ. ಮೇಷ್ಟ್ರುಗಳಿಗೆ ನಾಲ್ಕಾರು ಪ್ಯಾಕೆಟ್ ಕೊಟ್ಟು ಬಂದ. ಚೆನ್ನಾಗಿದೆ ಅಂದರು, ಮತ್ತೆ ಕೇಳಲಿಲ್ಲ. ಅತ್ತೆ ಓಬಳಮ್ಮ ಮಾತ್ರ ಹುರಿಯೋ ಹದವನ್ನು ಮೂಗಿನಲ್ಲೇ ಹಿಡಿದು, "ಇಳಿಸು ಈಗ, ಇನ್ನೊಂದು ಗಳಿಗೆ ಬುಟ್ರೆ ಕಹಿ ಆಯ್ತದೆ" ಅಂತ ಪಕ್ಕದಲ್ಲಿ ಕೂತು ಹೇಳೋಳು. ಹುರಿಯೋದು, ಕುಟ್ಟೋದು ಅತ್ತೆಗೆ ಗೊತ್ತು. ಮಾರೋದು ಹೆಂಗೆ ಅನ್ನೋದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೇಳೋಕೆ ಯಾರಾದರೂ ಬೇಕು ಅಂತ ಧನಲಕ್ಷ್ಮಿ ಫೋನಿನಲ್ಲಿ ಹುಡುಕಿದಳು. ಫೇಸ್‌ಬುಕ್ಕಿನಲ್ಲಿ ಹೆಂಗಸರ ಉದ್ಯಮದ ಗುಂಪೊಂದು ಸಿಕ್ಕಿತು. ಲಕ್ಷದ ಮೇಲೆ ಜನ. ಅಲ್ಲಿ ಮಾತೆಲ್ಲ ಇಂಗ್ಲಿಷು. ಅವಳು ಕನ್ನಡದಲ್ಲಿ ಬರೆದದ್ದಕ್ಕೆ ಒಬ್ಬರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಇನ್ನೊಂದು ವಾಟ್ಸಾಪ್ ಗುಂಪು ಸೇರಿದಳು. ಅಲ್ಲಿ ಎಲ್ಲರೂ ಅಂಗಡಿ ಹರಡಿಕೊಂಡು ಕೂತ ಸಂತೆ, ಕೊಳ್ಳೋರು ಒಬ್ಬರೂ ಇಲ್ಲ. ಮೂರನೆಯ ಗುಂಪಿನಲ್ಲಿ ಒಬ್ಬಾಕೆ ತಾನಾಗೇ ಫೋನ್ ಮಾಡಿ ಅಕ್ಕ, ತಂಗಿ ಅಂತ ಒಂದು ಗಂಟೆ ಮಾತಾಡಿದಳು. ಕೊನೆಗೆ ನೋಡಿದರೆ ತೂಕ ಇಳಿಸೋ ಪುಡಿ ಮಾರೋಕೆ ಇವಳನ್ನೇ ಸೇರಿಸಿಕೊಳ್ಳೋ ಉಪಾಯ.

ನಾಲ್ಕನೆಯದಾಗಿ ಸಿಕ್ಕಿದ್ದು 'ನಾಲ್ಕು ತಾಲ್ಲೂಕಿನ ಬಳಗ'. ಜಯಣ್ಣನ ಶಾಲೆಯ ಆಯಾ ಲಿಂಕ್ ಕಳಿಸಿದ್ದಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆರುನೂರು ಹೆಂಗಸರು. ಹಪ್ಪಳ ಮಾಡೋರು, ಬ್ಲೌಸ್ ಹೊಲಿಯೋರು, ಹೋಳಿಗೆ ಮಾಡಿ ಕಳಿಸೋರು. ನಡೆಸುತ್ತಿದ್ದವರು ಕೊರಟಗೆರೆಯ ಇಂದ್ರಮ್ಮ. ಕೊರೋನಾ ಕಾಲದಲ್ಲಿ ಹನ್ನೆರಡು ಜನ ಸೇರಿ ಶುರು ಮಾಡಿದ ಗುಂಪಂತೆ. ಧನಲಕ್ಷ್ಮಿ ಸೇರಿದ ದಿನವೇ ಇಂದ್ರಮ್ಮನ ಧ್ವನಿ ಬಂತು. "ಬಾಮ್ಮ ಧನಲಕ್ಷ್ಮಿ. ಏನ್ ಮಾಡ್ತೀಯ, ಎಲ್ಲಿಂದ, ಹೇಳು. ನಾಚ್ಕೋಬೇಡ. ಇಲ್ಲಿ ಎಲ್ಲರೂ ನಿನ್ನಂಗೇ ಶುರು ಮಾಡ್ದೋರು."

ಆ ಒಂದು ಮಾತನ್ನು ಧನಲಕ್ಷ್ಮಿ ನಾಲ್ಕು ಸಲ ಹಾಕಿ ಕೇಳಿದಳು. ಓಬಳಮ್ಮನಿಗೂ ಕೇಳಿಸಿದಳು.

ಗುಂಪಿನಲ್ಲಿ ಶನಿವಾರ ಮಾತ್ರ ಮಾರಾಟ, ಮಿಕ್ಕ ದಿನ ಕೇಳೋದು, ಹೇಳೋದು. ಆಹಾರ ಇಲಾಖೆಯಲ್ಲಿ ಹೆಸರು ನೋಂದಾಯಿಸೋದು ಹೇಗೆ ಅಂತ ಒಬ್ಬರು ಹಂತ ಹಂತವಾಗಿ ಹೇಳಿಕೊಟ್ಟರು. ಲೇಬಲ್ಲಿನ ಮೇಲೆ ಏನೇನು ಇರಬೇಕು ಅಂತ ಇನ್ನೊಬ್ಬರು ತಮ್ಮದನ್ನೇ ಫೋಟೋ ತೆಗೆದು ಕಳಿಸಿದರು. ಪುಡಿಯನ್ನು ಬಾಳೆ ಎಲೆ ಮೇಲೆ ಇಟ್ಟು, ಬೆಳಗಿನ ಬಿಸಿಲಲ್ಲಿ ಫೋಟೋ ತೆಗಿ ಅಂದರು ಇಂದ್ರಮ್ಮ. ಮೊದಲ ಶನಿವಾರ ಏಳು ಜನ ಕೇಳಿದರು. ಎರಡನೆಯ ಶನಿವಾರ ಇಪ್ಪತ್ತು. ಧನಲಕ್ಷ್ಮಿ ಪ್ಯಾಕೆಟ್‌ಗಳನ್ನು ರಟ್ಟಿನ ಡಬ್ಬದಲ್ಲಿ ಕಟ್ಟಿ, ಮೂರು ಗಂಟೆಯ ಪ್ರೈವೇಟ್ ಬಸ್ಸಿನ ಡ್ರೈವರ್ ಪಕ್ಕ ಇಟ್ಟು, ಇಳಿಸಿಕೊಳ್ಳೋರ ನಂಬರು ಬರೆದು ಕೊಡೋಳು. ಬಸ್ಸು ಮಧುಗಿರಿ ಕಡೆ ತಿರುವಿನಲ್ಲಿ ಮರೆಯಾಗೋವರೆಗೂ ನಿಂತು ನೋಡೋಳು. ತನ್ನ ಹೆಸರಿನದ್ದೇನೋ ಒಂದು ತನ್ನನ್ನು ಬಿಟ್ಟು ಊರೂರು ಹೋಗುತ್ತಿದೆ ಅನ್ನೋದು ಅವಳಿಗೆ ಹೊಸದು.

ಎದ್ದ ತಕ್ಷಣ ಬಳಗ ನೋಡೋದು ರೂಢಿಯಾಯಿತು. ಯಾರ ಮಿಕ್ಸಿ ಕೆಟ್ಟಿತು, ಯಾರ ಮಗು ಹುಷಾರು ತಪ್ಪಿತು, ಯಾರಿಗೆ ಮೈಸೂರಿನಿಂದ ಆರ್ಡರು ಬಂತು, ಎಲ್ಲ ಗೊತ್ತು. ಮುಖ ನೋಡಿರದ ಹೆಂಗಸರನ್ನು ಜಯಣ್ಣನ ಮುಂದೆ ಹೆಸರು ಹಿಡಿದು ಹೇಳೋಳು. "ನಿಮ್ಮಕ್ಕ ತಂಗೀರ ಸುದ್ದಿ ಮುಗೀತಾ? ಅನ್ನ ಇಕ್ಕು" ಅಂತ ಅವನು ನಗೋನು.

ಶ್ರಾವಣ ಹುಟ್ಟಿದ ಮೇಲೆ ಶಿರಾದ ಜಗದಾಂಬ ಅನ್ನೋರು ಅರವತ್ತು ಪ್ಯಾಕೆಟ್ ಕೇಳಿದರು. ಮಗಳ ಸೀಮಂತಕ್ಕೆ ಬರೋ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡೋಕೆ. ಧನಲಕ್ಷ್ಮಿ ಅಲ್ಲಿವರೆಗೆ ಒಂದೇ ಸಲ ಅಷ್ಟು ಮಾಡಿರಲಿಲ್ಲ. ಓಬಳಮ್ಮ ಆಗ ಎರಡು ವಾರಕ್ಕೆಂದು ಬರಗೂರಿನ ಮಗಳ ಮನೆಗೆ ಹೋಗಿದ್ದಳು. ಒಬ್ಬಳೇ ಎರಡು ದಿನ ಹುರಿದಳು. ಮೂರನೆಯ ದಿನ ಬೆಳಗಿನಿಂದ ಮಿಕ್ಸಿ ಹಾಕಿದಳು. ಆಕಾಶ ಮೋಡ ಮುಚ್ಚಿಕೊಂಡು ನೆಲವೆಲ್ಲ ತಣ್ಣಗೆ ಜಿನುಗುತ್ತಿತ್ತು. ದೊಡ್ಡ ಬೇಸಿನ್ನಿನಲ್ಲಿ ಪುಡಿ ಗುಡ್ಡೆಯಾಗಿ ನಿಂತಿತು. ಮೇಲೆ ಮುಟ್ಟಿದರೆ ತಣ್ಣಗಿತ್ತು. ಕೈ ಒಳಗೆ ಹಾಕಿದರೆ ಬೆಚ್ಚಗಿತ್ತು.

ಮೂರು ಗಂಟೆ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಸೀಮಂತ ಮಾರನೆಯ ದಿನ. ಧನಲಕ್ಷ್ಮಿಗೆ ಯಾಕೋ ಅನುಮಾನ ಬಂತು. ಮನೆಯ ಡಬ್ಬಿಗೆ ತುಂಬೋವಾಗ ಇದೆಲ್ಲ ಯೋಚನೆ ಮಾಡಿದ್ದಿಲ್ಲ. ಇದು ಪ್ಲಾಸ್ಟಿಕ್ಕು, ಸೀಲ್ ಮಾಡಿದರೆ ಗಾಳಿ ಆಡೋದಿಲ್ಲ. ಬಳಗದಲ್ಲಿ ಬರೆದಳು. 'ಅಕ್ಕಂದಿರೇ, ಪುಡಿ ಒಳಗೆ ಇನ್ನೂ ಬೆಚ್ಚಗಿದೆ. ಈಗಲೇ ಸೀಲ್ ಮಾಡಿದರೆ ಏನಾದರೂ ತೊಂದರೆ ಆಗುತ್ತಾ? ಬೇಗ ಹೇಳಿ, ಬಸ್ಸಿಗೆ ಕಳಿಸಬೇಕು.'

ಅದೇ ಹೊತ್ತಿಗೆ ಯಾರೋ, ಇವತ್ತು ಕೊರಟಗೆರೆಯ ನಮ್ಮ ಬೇಕರಿ ಅಕ್ಕನ ಹುಟ್ಟುಹಬ್ಬ ಅಂತ ಹಾಕಿದರು. ಶುಭಾಶಯ ಶುರುವಾದವು. ಹೂವು, ಕೇಕು, ದೀಪ, ದೇವರ ಚಿತ್ರ. ಧನಲಕ್ಷ್ಮಿಯ ಪ್ರಶ್ನೆ ಮೇಲಕ್ಕೆ ಸರಿದು ಕಾಣದಾಯಿತು. ಅರ್ಧ ಗಂಟೆ ಕಾದಳು. ಇಂದ್ರಮ್ಮನಿಗೆ ಫೋನ್ ಮಾಡಲೋ ಅಂದುಕೊಂಡಳು. ಇಷ್ಟು ಸಣ್ಣದಕ್ಕೆ ದೊಡ್ಡೋರಿಗೆ ತೊಂದರೆ ಯಾಕೆ ಅಂತ ಬಿಟ್ಟಳು. ಆರುನೂರು ಜನರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ ಅಂದರೆ ಪರವಾಗಿಲ್ಲ ಅಂತಲೇ ಅರ್ಥ ಅಂದುಕೊಂಡು ಸೀಲಿಂಗ್ ಮಿಷನ್ನಿನ ಸ್ವಿಚ್ ಹಾಕಿದಳು.

ಬಳಗದಲ್ಲಿ ಆ ಫೋಟೋ ಬಂದದ್ದು ಹನ್ನೆರಡು ದಿನ ಕಳೆದ ಮೇಲೆ. ಧನಲಕ್ಷ್ಮಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒರೆಸಿಕೊಂಡ ಕೈಯಲ್ಲೇ ಫೋನ್ ತೆಗೆದಳು. ತನ್ನದೇ ಲೇಬಲ್ಲು, ತನ್ನದೇ ಹೆಸರು. ಕತ್ತರಿಸಿದ ಪ್ಯಾಕೆಟ್ಟಿನ ಒಳಗೆ ಪುಡಿಯ ಮೇಲೆ ಬೂದಿ ಬಣ್ಣದ ಬೂಷ್ಟು. ಕೆಳಗೆ ಜಗದಾಂಬ ಬರೆದಿದ್ದರು. 'ನಮ್ಮ ಮನೆ ಶುಭಕಾರ್ಯದಲ್ಲಿ ಕೊಟ್ಟದ್ದು. ಎಲ್ಲರ ಮನೆಯಿಂದಲೂ ಫೋನ್ ಬರುತ್ತಿದೆ. ದಯವಿಟ್ಟು ನೋಡಿ ಕೊಂಡುಕೊಳ್ಳಿ.'

ಅವಳು ಎರಡನೆಯ ಸಲ ಓದೋದರೊಳಗೆ ಮೂವತ್ತು ಮಾತು ಬಂದವು. ಮೊದಲೇ ಹೇಳಿದ್ದೆ, ಹೊಸಬರನ್ನು ನೋಡಿ ಸೇರಿಸಬೇಕು ಅಂತ ಒಬ್ಬರು. ಇಂಥೋರಿಂದ ನಮ್ಮೆಲ್ಲರ ಹೆಸರೂ ಹಾಳು ಅಂತ ಇನ್ನೊಬ್ಬರು. ಬಸುರಿ ಹೆಂಗಸು ತಿಂದಿದ್ದರೆ ಗತಿ ಏನು ಅಂತ ಮತ್ತೊಬ್ಬರು. ಲೇಬಲ್ ಹಾಕೋದು ಹೇಳಿಕೊಟ್ಟಿದ್ದಾಕೆಯೂ, ನಾನು ಲೇಬಲ್ ಮಾತ್ರ ಹೇಳಿಕೊಟ್ಟದ್ದು ಅಂತ ಬರೆದಳು. ಧನಲಕ್ಷ್ಮಿ ಒದ್ದೆ ಬೆರಳಿನಲ್ಲಿ 'ಅಕ್ಕ, ನನ್ನ ತಪ್ಪು' ಅಂತ ಬರೆಯೋಕೆ ಹೋದಳು. ಬರೆಯೋ ಜಾಗವೇ ಇರಲಿಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಅಂತ ಒಂದು ಸಾಲು ಕೂತಿತ್ತು. ಇಂದ್ರಮ್ಮ ಗುಂಪಿಗೆ ಬೀಗ ಹಾಕಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಾಲು ಬಂತು. ಅವಳನ್ನು ಗುಂಪಿನಿಂದ ತೆಗೆದುಹಾಕಲಾಗಿತ್ತು.

ಮನೆಯಲ್ಲಿ ಉಳಿದಿದ್ದ ಪ್ಯಾಕೆಟ್ಟುಗಳಲ್ಲಿ ಒಂದನ್ನು ಕತ್ತರಿಸಿ ನೋಡಿದಳು. ಮೂಲೆಯಲ್ಲಿ ಅದೇ ಬೂದಿ ಬಣ್ಣ. ಸುಳ್ಳು ಅನ್ನೋ ಹಾಗಿರಲಿಲ್ಲ.

ಸಂಜೆ ಧೈರ್ಯ ಮಾಡಿ ಜಗದಾಂಬ ಅವರಿಗೆ ಫೋನ್ ಮಾಡಿದಳು. ಬೈದಾರು ಅಂದುಕೊಂಡಿದ್ದಳು. ಅವರು ಬೈಯಲಿಲ್ಲ.

"ನೀವು ಬೇಕೂಂತ ಮಾಡಿಲ್ಲ, ನಂಗೊತ್ತಮ್ಮ" ಅಂದರು ಜಗದಾಂಬ. "ಆದ್ರೆ ನಮ್ ಬೀಗ್ರು ಸರಿ ಇಲ್ಲ. ಮಗಳಿಗೆ ಈಗ್ಲೇ ಮಾತು ಶುರು ಮಾಡವ್ರೆ, ನಿಮ್ಮಮ್ಮ ಬೂಷ್ಟು ಹಿಡ್ದಿದ್ದು ಹಂಚಿದ್ರು ಅಂತ. ನಾನೇನ್ ಮಾಡ್ಲಿ ಹೇಳಿ?"

"ನಾನೇ ಬಂದು ನಿಮ್ ಬೀಗ್ರಿಗೆ ಹೇಳ್ಲಾ ಅಮ್ಮ, ತಪ್ಪು ನಂದು ಅಂತ?"

"ಬ್ಯಾಡಮ್ಮ, ಬ್ಯಾಡ. ಇನ್ನೂ ದೊಡ್ಡದಾಯ್ತದೆ." ಅಷ್ಟು ಹೇಳಿ ಅವರೇ ಫೋನ್ ಇಟ್ಟರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಧನಲಕ್ಷ್ಮಿಗೆ. ಜಯಣ್ಣ ಕೇಳಿ, "ಬುಡು ಅತ್ಲಾಗೆ, ಗ್ರೂಪಂತೆ ಗ್ರೂಪು. ಮುಖ ನೋಡದಿರೋರ ಸವಾಸ ಹಿಂಗೇ" ಅಂದ. ಅವನು ಸಮಾಧಾನಕ್ಕೇ ಹೇಳಿದ್ದು. ಅದು ಇನ್ನೂ ಚುಚ್ಚಿತು. ಬೀದಿಯಲ್ಲಿ ಜಗಳ ಆದರೆ ಎದುರು ನಿಂತು ಮಾತಾಡಬಹುದು, ಕೈ ಹಿಡಿಯಬಹುದು, ಕಾಲು ಹಿಡಿಯಬಹುದು. ಇಲ್ಲಿ ಹೋಗಿ ನಿಲ್ಲೋಕೆ ಬಾಗಿಲು ಯಾವುದು?

ಇಂದ್ರಮ್ಮನಿಗೆ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಎರಡು ದಿನ ಕಾದು, ಮೂರನೆಯ ದಿನ ಧನಲಕ್ಷ್ಮಿ ಬಸ್ಸು ಹತ್ತಿ ಕೊರಟಗೆರೆಗೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರೋಳನ್ನು ಕೇಳಿದ್ದಕ್ಕೆ, "ಸೀರೆಗೆ ಫಾಲ್ಸ್ ಹಾಕೋ ಇಂದ್ರಮ್ಮಾರಾ? ಅಗೋ, ಆ ಗಲ್ಲಿ" ಅಂದಳು. ದೊಡ್ಡ ಆಫೀಸನ್ನು ಕಲ್ಪಿಸಿಕೊಂಡಿದ್ದಳು ಧನಲಕ್ಷ್ಮಿ. ಇದ್ದದ್ದು ಒಂದು ಶಟರಿನ ಅಂಗಡಿ, ಎರಡು ಹೊಲಿಗೆ ಮಿಷನ್ನು, ಗೋಡೆಗೆ ನೇತುಬಿಟ್ಟ ಸೀರೆಗಳು. ಐವತ್ತು ದಾಟಿದ, ಕನ್ನಡಕದ ಹೆಂಗಸೊಬ್ಬರು ಸೀರೆಯ ಅಂಚು ಹಿಡಿದು ಕೂತಿದ್ದರು. ಗುಂಪಿಗೆ ಇನ್ನೂ ಬೀಗ ಇದ್ದರೂ ಪಕ್ಕದಲ್ಲಿ ಫೋನು ಬಿಟ್ಟೂ ಬಿಡದೆ ಮಿಣುಕುತ್ತಿತ್ತು.

"ಅಕ್ಕ, ನಾನು ಮಿಡಿಗೇಶಿ ಧನಲಕ್ಷ್ಮಿ."

ಇಂದ್ರಮ್ಮ ಸೂಜಿ ನಿಲ್ಲಿಸಿದರು. ಕೋಪ ಮಾಡಿಕೊಳ್ಳಲಿಲ್ಲ. ಸ್ಟೂಲು ಎಳೆದು, "ಕೂತ್ಕೋ" ಅಂದರು. "ನೀನು ಫೋನ್ ಮಾಡಿದ್ದು ನೋಡ್ದೆ. ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ, ಅದಕ್ಕೇ ಎತ್ಲಿಲ್ಲ."

ಧನಲಕ್ಷ್ಮಿ ತನ್ನ ಫೋನ್ ತೆಗೆದು, ಹಳೆಯ ಮಾತುಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಹುಟ್ಟುಹಬ್ಬದ ಕೇಕುಗಳನ್ನೆಲ್ಲ ದಾಟಿ, ತನ್ನ ಪ್ರಶ್ನೆಯನ್ನು ಹುಡುಕಿ ತೋರಿಸಿದಳು. ಇಂದ್ರಮ್ಮ ಕನ್ನಡಕ ಸರಿ ಮಾಡಿಕೊಂಡು ಓದಿದರು. ಇನ್ನೊಂದು ಸಲ ಓದಿದರು.

"ನಾನಿದನ್ನ ನೋಡೇ ಇಲ್ಲ ಕಣಮ್ಮ" ಅಂದರು. "ದಿನಕ್ಕೆ ನಾನೂರು ಬರ್ತವೆ. ಹನ್ನೆರಡು ಜನ ಇದ್ದಾಗ ಒಂದೊಂದನ್ನೂ ಓದ್ತಿದ್ದೆ. ಈಗ ಈ ಸೀರೆ ಮುಗಿಸ್ಲಾ, ಅದನ್ನ ಓದ್ಲಾ?"

"ಇದನ್ನ ಒಂದ್ಸಲ ಗ್ರೂಪಲ್ಲಿ ಹಾಕಕ್ಕ. ನಾನು ಕೇಳಿದ್ದೆ ಅಂತ ಅವ್ರಿಗೂ ಗೊತ್ತಾಗ್ಲಿ."

ಇಂದ್ರಮ್ಮ ತಲೆ ಅಲ್ಲಾಡಿಸಿದರು. "ಅದನ್ನ ಹಾಕಿದ್ರೆ ತಪ್ಪು ಗ್ರೂಪಿಂದು ಅಂತಾಯ್ತದೆ. ಜಗದಾಂಬಾರ ಕಡೆಯೋರೇ ನಲವತ್ತು ಜನ ಅವ್ರೆ, ಎದ್ದು ಹೋಯ್ತಾರೆ. ಅವ್ರು ಹೋದ್ರೆ ಶನಿವಾರದ ಮಾರಾಟ ನಿಂತೋಯ್ತದೆ. ಎಷ್ಟೋ ಜನ ಅದನ್ನೇ ನಂಬ್ಕೊಂಡವ್ರೆ ಧನಲಕ್ಷ್ಮಿ. ಒಬ್ಬಳಿಗೋಸ್ಕರ ನಾನು ಹೆಂಗೆ..." ಸೀರೆಯ ಅಂಚನ್ನು ಮತ್ತೆ ಕೈಗೆ ತೆಗೆದುಕೊಂಡರು.

ಎದುರಿಗೆ ಕೂತ ಹೆಂಗಸು ಕೆಟ್ಟವಳಲ್ಲ ಅಂತ ಧನಲಕ್ಷ್ಮಿಗೆ ಕಾಣುತ್ತಿತ್ತು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಎರಡು ಮಾತು ಅಂದು ಎದ್ದು ಬರಬಹುದಿತ್ತು.

"ಹೋಗ್ಲಿ, ಕ್ಷಮೆ ಕೇಳಿ ನಾಲ್ಕು ಸಾಲು ಬರ್ಕೊಡ್ತೀನಿ. ಅದನ್ನಾದ್ರೂ ಹಾಕಿ."

ಅದಕ್ಕೆ ಒಪ್ಪಿದರು. ಧನಲಕ್ಷ್ಮಿ ಸೀರೆಗಳ ನಡುವೆ ಕೂತು ಬರೆದಳು. ಪುಡಿ ಪೂರ್ತಿ ಆರದೆ ಸೀಲ್ ಮಾಡಿದೆ, ತಿಳಿಯಲಿಲ್ಲ, ಜಗದಾಂಬ ಅಮ್ಮನವರ ಮನೆಗೆ ಅವಮಾನ ಆಯಿತು, ಕೈ ಮುಗಿದು ಕ್ಷಮೆ ಕೇಳುತ್ತೇನೆ. ಕೇಳಿದ್ದೆ ಅನ್ನೋ ಮಾತು ಬರೆದು ಅಳಿಸಿದಳು. ಇಂದ್ರಮ್ಮ ಅದನ್ನು ಗುಂಪಿಗೆ ಹಾಕಿದರು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಬೀಗ ಹಾಕಿದ್ದರಿಂದ ಯಾರೂ ಮಾತು ಬರೆಯೋ ಹಾಗಿರಲಿಲ್ಲ, ಬರಿ ಚಿತ್ರ ಒತ್ತಬಹುದು. ಒಂದು ಕೈಮುಗಿದ ಚಿತ್ರ ಬಂತು. ಒಂದು ಸಿಟ್ಟಿನ ಕೆಂಪು ಮುಖ. ಕೈಮುಗಿದದ್ದು ಏಳಾಯಿತು, ಒಂಬತ್ತಾಯಿತು, ಅಲ್ಲಿಗೆ ನಿಂತಿತು. ಸಿಟ್ಟಿನ ಮುಖ ನಾಲ್ಕು. ಮಿಕ್ಕೋರು ನೋಡಿದರೋ ಇಲ್ಲವೋ, ನೋಡಿ ಏನಂದುಕೊಂಡರೋ, ತಿಳಿಯೋ ದಾರಿ ಇರಲಿಲ್ಲ.

"ಕಾಫಿ ತರಿಸ್ಲಾ?" ಅಂದರು ಇಂದ್ರಮ್ಮ.

"ಬೇಡಕ್ಕ, ಬಸ್ಸೈತೆ."

ವಾಪಸ್ ಬರುವಾಗ ಬಸ್ಸು ಮಧುಗಿರಿ ಬಿಟ್ಟು ಸ್ವಲ್ಪ ದೂರ ಬಂದಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬೈಯೋರು ಯಾರೋ ಅಂದುಕೊಂಡೇ ಎತ್ತಿದಳು.

"ನಾನಮ್ಮ, ಪಾವಗಡ ಆಂಜಿನಮ್ಮ. ಗ್ರೂಪಲ್ಲಿದೀನಿ. ಹಪ್ಪಳ ಮಾಡ್ತೀನಿ." ಅರ್ಧ ತೆಲುಗಿನ ರಾಗ, ವಯಸ್ಸಾದ ಗಂಟಲು. "ನೀನು ಬರ್ದಿದ್ದು ಈಗ ಚದಿವಿದೆ, ಪೂರ್ತಿ ಓದ್ದೆ. ಮನಸು ತಡೀಲಿಲ್ಲ."

"ಹೇಳೀಮ್ಮ."

"ಆ ದಿನ ನೀನು ಕೇಳಿದ್ದೆಯಲ್ಲಾ, ಬೆಚ್ಚಗೆ ಐತೆ, ಸೀಲ್ ಮಾಡ್ಲಾ ಅಂತ. ನಾನು ನೋಡಿದ್ದೆ. ನಂಗೆ ತೆಲುಸು. ಬಟ್ಟೆ ಮೇಲೆ ತೆಳ್ಳಗೆ ಹರವಿ, ಒಂದು ದಿನ ಆರಬುಡಬೇಕು. ನಂದೂ ಒಂದ್ಸಲ ಹಿಂಗೇ ಹಾಳಾಗಿತ್ತು."

ಧನಲಕ್ಷ್ಮಿಗೆ ಬಸ್ಸಿನ ಸದ್ದೆಲ್ಲ ನಿಂತ ಹಾಗಾಯಿತು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನಂಗೆ ಕನ್ನಡ ಬರೆಯೋಕೆ ಸರಿಯಾಗಿ ಬರಲ್ಲ ತಲ್ಲಿ. ಒಂದ್ಸಲ ಏನೋ ತಪ್ಪು ಬರ್ದೆ. ನಗೋ ಬೊಮ್ಮಲು ಹಾಕಿದ್ರು, ಹತ್ತು ಹದಿನೈದು ಜನ. ಅವತ್ತಿಂದ ಓದ್ತೀನಿ ಅಷ್ಟೇ, ಬರೆಯಲ್ಲ. ಯಾರೋ ಒಬ್ರು ಹೇಳ್ತಾರೆ ಬುಡು ಅಂದ್ಕೊಂಡೆ. ಎಲ್ರೂ ಅಂಗೇ ಅಂದ್ಕೊಂಡ್ರೋ ಏನೋ."

"ಒಂದು ಫೋನ್ ಮಾಡ್ಬಹುದಿತ್ತಲ್ಲಮ್ಮ."

"ಮಾಡ್ಬಹುದಿತ್ತು" ಅಂದಳು ಆಂಜಿನಮ್ಮ.

ಧನಲಕ್ಷ್ಮಿಗೆ ಸಿಟ್ಟು ಬಂತು. ಆದರೆ ಆರುನೂರು ಜನರಲ್ಲಿ ತಾನಾಗಿ ಫೋನ್ ಮಾಡಿದ್ದು ಈ ಒಬ್ಬಳೇ. ಇವಳ ಮೇಲೂ ಸಿಟ್ಟು ತೀರಿಸಿಕೊಂಡರೆ ಉಳಿಯೋದು ಯಾರು? ಕಿಟಕಿ ಕಡೆ ಮುಖ ತಿರುಗಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು. ಆಂಜಿನಮ್ಮ ಫೋನ್ ಇಡದೆ ಕೇಳುತ್ತಿದ್ದಳು.

ಬರಗೂರಿನಿಂದ ಓಬಳಮ್ಮ ವಾಪಸ್ ಬಂದಿದ್ದಳು. ಅವಳಿಗೂ ಹೇಳಿದ್ದಾಯಿತು. ಅತ್ತೆ ಬೈಯಲಿಲ್ಲ, ಉಳಿದ ಪ್ಯಾಕೆಟ್ಟುಗಳನ್ನು ಮಡಿಲಿಗೆ ಹಾಕಿಕೊಂಡು ತಿಪ್ಪೆಯ ಹತ್ತಿರ ಕೂತಳು. ಇಬ್ಬರೂ ಒಂದೊಂದೇ ಕತ್ತರಿಸಿ ಸುರಿದರು. ಕೆಲವಕ್ಕೆ ಏನೂ ಆಗಿರಲಿಲ್ಲ, ಘಮ್ ಅಂತಿದ್ದವು. ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಅಂತ ನಂಬೋದು ಹೆಂಗೆ? ಎಲ್ಲವನ್ನೂ ಸುರಿದರು. "ಹಸು ಬಾಯಿ ಹಾಕ್ದಂಗೆ ಮಣ್ ಮುಚ್ಚು" ಅಂದಳು ಓಬಳಮ್ಮ.

ಹದಿನೈದು ದಿನದ ಮೇಲೆ ಜಯಣ್ಣನೇ ಇನ್ನೊಂದು ಗುಂಪಿನ ಲಿಂಕ್ ತಂದುಕೊಟ್ಟ. ತುಮಕೂರಿನವರದ್ದು, ಹೊಸ ಜನ. "ಹೊಸದಾಗಿ ಶುರು ಮಾಡು. ಇಲ್ಲಿ ಯಾರಿಗೆ ಗೊತ್ತಿರ್ತದೆ?" ಅಂದ. ಧನಲಕ್ಷ್ಮಿ ಸೇರಿದಳು. ನಮಸ್ಕಾರ ಹೇಳಿದಳು. ನಾಲ್ಕೈದು ಜನ ಸ್ವಾಗತ ಅಂದರು, ಮನಸ್ಸು ಒಂದಿಷ್ಟು ಹಗುರಾಯಿತು. ಈ ಸಲ ಅರ್ಧ ಕೆಜಿ ಮಾತ್ರ ಹುರಿಯೋಣ ಅಂತ ಅತ್ತೆಗೆ ಹೇಳಿಯೂ ಇದ್ದಳು. ಮೂರನೆಯ ದಿನ ಬೆಳಗ್ಗೆ ಅಲ್ಲೂ ಅದೇ ಫೋಟೋ ಬಂತು. ಯಾರಿಂದ ಯಾರಿಗೋ ದಾಟಿ, ಎಲ್ಲೆಲ್ಲೋ ಸುತ್ತಿ ಬಂದಿತ್ತು. ಊರ ಹೆಸರೂ ಇಲ್ಲ, ಜಗದಾಂಬ ಅವರ ಮಾತೂ ಇಲ್ಲ. 'ಮನೆಯಲ್ಲಿ ಮಾಡಿದ್ದು ಅಂತ ಕೊಳ್ಳುವ ಮುನ್ನ ಎಚ್ಚರ' ಅಂತ ಯಾರೋ ಹೊಸದಾಗಿ ಬರೆದಿದ್ದರು. ಲೇಬಲ್ಲಿನ ಮೇಲೆ ಅವಳ ಹೆಸರು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಯಾರಾದರೂ ಹೊಂದಿಸಿ ನೋಡೋ ಮೊದಲೇ ಧನಲಕ್ಷ್ಮಿ ತಾನೇ ಆ ಗುಂಪಿನಿಂದ ಹೊರಗೆ ಬಂದಳು.

ಹೆಸರು ಬದಲಾಯಿಸು ಅಂದ ಜಯಣ್ಣ. ಆ ಹೆಸರಿನಲ್ಲೇ ನೋಂದಣಿ ಆಗಿತ್ತು. ಬದಲಾಯಿಸೋದು ಹೇಗೆ ಅಂತ ಕೇಳೋಣ ಅಂದರೆ, ಯಾರನ್ನು ಕೇಳೋದು? ಸೀಲಿಂಗ್ ಮಿಷನ್ನಿಗೆ ಹಳೆಯ ಟವೆಲ್ ಹೊದಿಸಿ ಅಟ್ಟಕ್ಕೆ ಏರಿಸಿದಳು.

ಆಂಜಿನಮ್ಮ ಮಾತ್ರ ಎರಡು ಮೂರು ದಿನಕ್ಕೊಮ್ಮೆ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಅವಳಿಗೂ ಹೇಳೋಕೆ ಹೊಸದೇನೂ ಇರುತ್ತಿರಲಿಲ್ಲ. ಏನಮ್ಮ ತಿಂದೆ, ಕರೆಂಟು ಐತಾ, ಅಷ್ಟೇ. ಒಂದು ದಿನ ಕೇಳಿದಳು, "ಮತ್ತೆ ಯಾವಾಗ ಮಾಡ್ತೀಯಾ ಪುಡಿ?"

"ಮಾಡಿ ಯಾರಿಗೆ ಕೊಡ್ಲಿ ಹೇಳೀಮ್ಮ?"

ಅಷ್ಟರಲ್ಲಿ ಆ ಕಡೆ ಏನೋ ಪಟಪಟ ಸದ್ದಾಯಿತು. "ಅಯ್ಯೋ, ವಾನ, ಮಳೆ ಬಂತು ತಲ್ಲಿ. ಮೇಲೆ ಹಪ್ಪಳ ಒಣಗಿಸಿದ್ದೆ, ಎರಡು ಸೀರೆ ತುಂಬಾ. ಇರು, ಇಡಬೇಡ" ಅಂದು ಫೋನ್ ಎಲ್ಲೋ ಇಟ್ಟು ಓಡಿದಳು.

ಧನಲಕ್ಷ್ಮಿ ಹೊಸಲಿನ ಮೇಲೆ ಕೂತು ಕೇಳಿಸಿಕೊಂಡಳು. ಮೆಟ್ಟಿಲು ಹತ್ತೋ ಸದ್ದು, ಬಟ್ಟೆ ಎಳೆಯೋ ಸದ್ದು, ಯಾವುದೋ ತಟ್ಟೆ ಉರುಳಿದ ಸದ್ದು. ಮಿಡಿಗೇಶಿಯಲ್ಲಿ ಸುಡು ಬಿಸಿಲಿತ್ತು. ಕೈ ಹಾಕಿ ಆ ಸೀರೆಯ ಒಂದು ತುದಿ ಹಿಡಿಯೋಣ ಅಂದರೆ ನಡುವೆ ಅಷ್ಟೊಂದು ದಾರಿ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಕಾದಳು.